ಕೂಗಳತೆ

ಕೌನಾಸಿನ ಹಸಿರುಗುಡ್ಡದ ಮೇಲೆ ಮರದ ಮನೆ.
ಒಂದು ಕಾಲಕ್ಕೆ ಸರ್ಕಾರ ಅದನ್ನು ನಾಲ್ಕು ಸಂಸಾರಕ್ಕೆ ಹಂಚಿತ್ತಂತೆ:
ನಾಲ್ಕು ಒಲೆ, ನಾಲ್ಕು ಕರೆಗಂಟೆ, ನಲ್ಲಿ ಒಂದೇ.
ಈಗ ಮತ್ತೆ ಒಂದೇ ಮನೆತನ.
ಕರೆಗಂಟೆ ಕೀಳಲು ಯಾರಿಗೂ ಪುರಸೊತ್ತಾಗಿಲ್ಲ.

ಟಿವಿ ಕಾಣುತ್ತಿಲ್ಲ ಎಂದು ನನ್ನನ್ನು ಕರೆಸಿದರು.
ಟಿವಿ ಕಾಣುತ್ತಿತ್ತು, ಅರ್ಧ ಗೋಡೆ ಅದೇ;
ಕಾಣದಿದ್ದದ್ದು ಬ್ರೋನೆ ಅಜ್ಜಿಯ ಫೋನಿಗೆ.
“ಏಳಕ್ಕೆ ಬ್ಯಾಸ್ಕೆಟ್‌ಬಾಲು” ಎಂದಳು,
ಲಗ್ನದ ಮುಹೂರ್ತ ಹೇಳುವ ಹಾಗೆ.
ಆಗಲೇ ಐದೂವರೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ:
ಪ್ಲಗ್ ಕಿತ್ತು, ಮೂವತ್ತು ಎಣಿಸಿ, ಮತ್ತೆ ಚುಚ್ಚಿದೆ.
ಫೋನಿನ ಪರದೆಯಲ್ಲಿ ಪುಟ್ಟ ಉಂಗುರ
ಗಾಣದೆತ್ತಿನಂತೆ ಸುತ್ತಿ ಸುತ್ತಿ
ಯಾರೂ ಇಲ್ಲ ಎಂದು ನಿಂತಿತು.

ಆಮೇಲೆ ಮೆಟ್ಟಿಲು ಹತ್ತಿಳಿದು ರೌಟರು ಎಣಿಸಿದೆ.
ನೆಲಮಾಳಿಗೆಯಲ್ಲಿ, ಉಪ್ಪುನೀರಿನ ಸೌತೆಕಾಯಿ ಜಾಡಿಗಳ ಹಿಂದೆ, ಕಂಪನಿಯದೊಂದು.
ಮೊದಲ ಮಹಡಿಯಲ್ಲಿ ಮಗ ವೀಗಂತಸ್ ತಂದದ್ದು,
ಅದರೊಳಗೆ ಆಫೀಸಿಗೆ ಒಂದು ಪಾಲು, ಮನೆಗೆ ಒಂದು, ಅತಿಥಿಗೆ ಒಂದು.
ಅಟ್ಟದಲ್ಲಿ ಮಗಳು ದಾಂಗ್ವೊಲೆಯದು, ಅಣ್ಣನ ಹಂಗು ಬೇಡವೆಂದು.
ಹಿತ್ತಿಲ ಪ್ಲಮ್ ಮರ ಕಡಿದ ವರ್ಷದಿಂದ
ಇಬ್ಬರಿಗೂ ಮಾತಿಲ್ಲ.
ಟಿವಿ ಕದ್ದು ಕೇಳುತ್ತದೆಂಬ ಗುಮಾನಿಯಲ್ಲಿ
ವೀಗಂತಸ್ ಅದನ್ನು ಅತಿಥಿಗಳ ಪಾಲಿನಲ್ಲಿ ಕೂಡಿಹಾಕಿದ್ದ.

ಈ ಯಂತ್ರಗಳೂ ದೂರವನ್ನು ಕೂಗಿನಲ್ಲೇ ಅಳೆಯುತ್ತವೆ.
ವಿಳಾಸದ ಪುಸ್ತಕ ಇಟ್ಟುಕೊಂಡವರಿಲ್ಲ;
ಬೇಕಾದಾಗ ಒಂದು ಕೂಗು: ಯಾರಿದ್ದೀರಿ ಇಲ್ಲಿ?
ಕಿವಿಗೆ ಬಿದ್ದವರು ಓಗೊಡಬೇಕು.
ಕೂಗಿಗೆ ಆಯಸ್ಸು ಒಂದೇ ಹೊಸ್ತಿಲು,
ರೌಟರಿನ ಹತ್ತಿರ ಬಂದು ಸಾಯುತ್ತದೆ.
ದಾಟಿಸು ಎಂದು ರೌಟರಿಗೆ ಯಾರೂ ಹೇಳಿಲ್ಲ.

ಲ್ಯಾಪ್‌ಟಾಪು ತೆರೆದು ಪ್ಯಾಕೆಟ್ಟುಗಳ ಸಾಲಿಗೆ ಕಿವಿಯಿಟ್ಟೆ.
ಟಿವಿ ಮೂಕವೇನಲ್ಲ.
ನಾನಿದ್ದೇನೆ, ನಾನಿದ್ದೇನೆ ಎನ್ನುತ್ತಲೇ ಇತ್ತು
ಅದೇ ಕೊಟ್ಟಿಗೆಯಲ್ಲಿ ಕಟ್ಟಿದ್ದ ಒಂದು ಕಾಫಿ ಯಂತ್ರಕ್ಕೆ.

“ಎಲ್ಲವನ್ನೂ ಒಂದು ಮಾಡಿಬಿಡಲೇ?” ಎಂದೆ.
ಮಹಡಿಯಿಂದ ಬೇಡ, ಅಟ್ಟದಿಂದ ಬೇಡ,
ಒಂದೇ ಉಸಿರಿಗೆ.

ವಾಕರೆ, ಒಂಬತ್ತು ವರ್ಷ, ವೀಗಂತಸನ ಮಗಳು,
ಉಣ್ಣೆಯ ಕಾಲುಚೀಲದಲ್ಲಿ ಮೆಟ್ಟಿಲ ಮೇಲೆ ಜಾರುತ್ತಿದ್ದಳು.
“ಅಪ್ಪಾ, ಏಣಿ ಎಲ್ಲಿ ಅಂತ ಅತ್ತೆ ಕೇಳ್ತಾಳೆ.”
“ಶೆಡ್ಡಿನಲ್ಲಿದೆ ಅಂತ ಹೇಳು.”
ಅತ್ತೆ ನಿಂತಿದ್ದದ್ದು ಐದು ಮೆಟ್ಟಿಲ ಮೇಲೆ,
ಶೆಡ್ಡು ಎಂಬ ಮಾತಿಗೆ ಅವಳ ಹುಬ್ಬು ಅಲುಗಿದ್ದನ್ನು ನಾನೇ ಕಂಡೆ.
ಆದರೂ ಮಗು ಹತ್ತಿ ಹೋಗಿ ಹೇಳಬೇಕು.
ಹೇಳಿತು. ಈಗ ಕೇಳಿಸಿತು.

ಸ್ವಲ್ಪ ಹೊತ್ತು ಏಣಿಯ ಬಗ್ಗೆ ಯೋಚಿಸಿದೆ.
ನಂತರ ಚೀಲದಿಂದ ಇಸ್ಪೀಟು ಕಟ್ಟಿನಷ್ಟು ಗಾತ್ರದ ಪೆಟ್ಟಿಗೆ ತೆಗೆದು
ಒಂದೊಂದು ಜಾಲಕ್ಕೂ ಒಂದೊಂದು ಕಾಲು ಇಳಿಬಿಟ್ಟು
ಈ ಕಡೆಯ ಕೂಗನ್ನು ಆ ಕಡೆ ತನ್ನ ಬಾಯಲ್ಲಿ ಕೂಗುವುದನ್ನು ಕಲಿಸಿದೆ.
ಉತ್ತರ ವಾಪಸು ಬರಲು ಫೈರ್‌ವಾಲಿನಲ್ಲಿ ಒಂದು ಕಿಂಡಿ.
ಉಪಾಯ ಯಾರದೆಂದು ಬಿಲ್ಲಿನಲ್ಲಿ ಬರೆಯಲಿಲ್ಲ.

ಆರು ಐವತ್ತೆರಡು. ಉಂಗುರ ಸುತ್ತುವುದನ್ನು ನಿಲ್ಲಿಸಿತು,
ಹೆಸರುಗಳು ಒಂದೊಂದಾಗಿ ಎದ್ದು ಬಂದವು:
ದೊಡ್ಡ ಕೋಣೆ. ಪ್ರಿಂಟರು. ಕಾಫಿ. ಅಟ್ಟ.
“ಎಷ್ಟೊಂದು ಜನ!” ಎಂದು ಅಜ್ಜಿ
ಕನ್ನಡಕ ಹಣೆಗೇರಿಸಿ
ಬೆರಳಿಗೆ ಸಿಕ್ಕಿದ್ದನ್ನು ಒತ್ತಿದಳು.

ಅಟ್ಟದಲ್ಲಿ ಸಾವಿರ ಜನ ಒಟ್ಟಿಗೆ ಎದ್ದು ನಿಂತ ಸದ್ದು,
ಡೋಲು, ಸೀಟಿ, ಕಾಮೆಂಟರಿಯವನ ಗಂಟಲು,
ದಾಂಗ್ವೊಲೆಯ ಸ್ಪೀಕರಿನಲ್ಲಿ ಇಡೀ ಕ್ರೀಡಾಂಗಣ.
ಬಾಗಿಲು ಬಡಿಯಿತು.
“ವೀಗಂತಸ್! ಆರಿಸೋ ಅದನ್ನ!”
“ನಾನಲ್ಲ ಮಾರಾಯ್ತಿ, ಅಮ್ಮ!”
“ಅಮ್ಮನಿಗೆ ಯಾರು ಕೊಟ್ಟರು ನನ್ನ ಸ್ಪೀಕರು?”
“ಅವನು! ಆ ತಂತಿಯವನು!”

ನಾನು ತಂತಿ ಸುತ್ತುತ್ತ ತಲೆ ಎತ್ತಲಿಲ್ಲ.
ಅಜ್ಜಿ ಶಬ್ದ ಜಾಸ್ತಿ ಮಾಡಲು ಗುಂಡಿ ಹುಡುಕುತ್ತಿದ್ದಳು.
ಜಗಳ ಮೆಟ್ಟಿಲಿಳಿದು, ಮೆಟ್ಟಿಲು ಹತ್ತಿ,
ಪ್ಲಮ್ ಮರದ ತನಕ ಹೋಗಿ ಬಂತು.
ವಾಕರೆ ನಡುಮೆಟ್ಟಿಲಲ್ಲಿ ನಿಂತೇ ಇದ್ದಳು,
ಒಮ್ಮೆ ಕೆಳಗೆ ಒಮ್ಮೆ ಮೇಲೆ ನೋಡುತ್ತ,
ಬಾಯಿ ಅರ್ಧ ತೆರೆದು,
ಒಯ್ಯಲು ಏನೂ ಸಿಗದೆ.