ನಾಲ್ಕನೇ ಜ್ವರ

ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆ, ಕೊನೆಯ ಕೋಣೆ.
ಬಾಗಿಲಿಗೆ ಪರದೆಯಿದೆ, ಚಿಲಕವಿಲ್ಲ.
ಗೂಡು ಬೇಯುವ ವಾಸನೆ ಕಿಟಕಿಯಿಂದ ಬಂದು
ನನ್ನ ರಿಜಿಸ್ಟರಿನ ಹಾಳೆಗಳಿಗೂ ಹತ್ತಿದೆ.

ಇಲ್ಲಿ ಹೆಸರು ಬರೆಯುವುದಿಲ್ಲ.
ಅವಳೊಂದು ಸಂಖ್ಯೆ, ಕೊನೆಯಲ್ಲಿ ಏಳು.
ವಯಸ್ಸು ಹತ್ತೊಂಬತ್ತು ಎಂದಳು ತಾಯಿ,
ಹದಿನೇಳು ಎಂದಿತು ಆಧಾರ್ ಕಾರ್ಡು.
ಕಾರ್ಡು ಹೇಳಿದ್ದನ್ನೇ ಬರೆದುಕೊಂಡೆ.
ತಾಯಿ ನೆಲ ನೋಡಿದಳು.

ಗಂಡ ಬೋರ್‌ವೆಲ್ ಲಾರಿಯ ಜೊತೆ ಊರೂರು ಸುತ್ತುವವನು.
ಅವನಿಗೂ ಗೊತ್ತಿರಲಿಲ್ಲವಂತೆ.
ಇರಬಹುದು. ನೆಲದೊಳಗೆ ಸಾವಿರ ಅಡಿ ಇಳಿದವರಿಗೂ
ತಮ್ಮ ರಕ್ತದ ಸುದ್ದಿ ತಿಳಿಯದು.

ಪಿಳ್ಳಮ್ಮ ಕೇಳಿದಳು, ದನಿ ಏರಿಸದೆ:
"ನನ್ನ ತಂಗೀನೂ ಇಂಥ ಕಾಯಿಲೆಯೋನ ಜೊತೆ
ಹತ್ತು ವರ್ಷ ಬಾಳಿದಳು. ಅವಳಿಗೇನೂ ಅಂಟಲಿಲ್ಲ.
ಇವಳಿಗೆ ಏಳೇ ತಿಂಗಳಲ್ಲಿ ಎಂಗೆ?"

ಗೋಡೆಯ ಮೇಲೊಂದು ಚಾರ್ಟಿದೆ.
ಅದರಲ್ಲಿರುವುದು ಬೆಳೆದ ಹೆಂಗಸಿನ ಒಡಲು,
ಗುಲಾಬಿ ಬಣ್ಣ, ಅಚ್ಚುಕಟ್ಟಾದ ಬಾಣಗಳು.
ಹದಿನೇಳರ ಒಡಲನ್ನು ಯಾರೂ ಬರೆದು ಕಳಿಸಿಲ್ಲ.

ಚೀಟಿಯ ಬೆನ್ನಿಗೆ ನಾನೇ ಬರೆದೆ.
ನೋಡಮ್ಮ, ಬೆಳೆದವಳ ಒಳಗೋಡೆ
ವರಸೆಯ ಮೇಲೆ ವರಸೆ ಇಟ್ಟಿಗೆ.
ಈ ಪ್ರಾಯದಲ್ಲಿ ಅಲ್ಲಲ್ಲಿ ಇನ್ನೂ ಒಂದೇ ವರಸೆ,
ಅದೂ ಹಸಿ, ಗಾರೆ ಕಾಣದ್ದು.
ಕಾವಲಿಗೆಂದು ಓಡಿಬರುವ ಬಿಳಿಯ ಕಣಗಳಿವೆಯಲ್ಲ,
ಈ ವೈರಸ್ಸಿಗೆ ಅವೇ ಮೆಟ್ಟಿಲು.
ಕಾವಲುಗಾರನ ಹೆಗಲ ಮೇಲೆ ಕೂತೇ
ಕಳ್ಳ ಊರೊಳಗೆ ಬರುತ್ತಾನೆ.
ವಯಸ್ಸೊಂದೇ ಕಾರಣ ಅಂತ ಆಣೆ ಮಾಡಲಾರೆ,
ನಿನ್ನ ತಂಗಿಗೆ ಅದೃಷ್ಟವೂ ಇತ್ತು.
ಆದರೆ ಆ ಗೋಡೆ ಏಳಲು ವರ್ಷಗಳು ಬೇಕು,
ಮದುವೆ ಮಾಡಿದ ಮಾತ್ರಕ್ಕೆ ಏಳುವುದಿಲ್ಲ.

ಪಿಳ್ಳಮ್ಮ ಚೀಟಿ ತಿರುಗಿಸಿ ತಿರುಗಿಸಿ ನೋಡಿದಳು.
"ಇಟ್ಟಿಗೆ ನಂಗೊತ್ತಿಲ್ಲ. ಉಳ ಗೊತ್ತು.

ನಾಕನೇ ಜ್ವರಕ್ಕೆ ಕೂತಾಗ
ತಲೆ ಎತ್ಕೊಂಡು ಅಲ್ಲಾಡ್ದೆ ಇರ್ತವೆ.
ಆವಾಗ ಸೊಪ್ಪು ಆಕಲ್ಲ. ಸುಣ್ಣ ಚೆಲ್ತೀವಿ.
ಒರಗಿನೋರ ಚಪ್ಪಲಿ ಒಸಲು ದಾಟಂಗಿಲ್ಲ,
ನಮ್ಮ ಯಜಮಾನ್ರೂ ಕೈ ತೊಳ್ದೇ ಬರಬೇಕು.
ಪೊರೆ ಬಿಟ್ಟು ಎದ್ದಾಗ ಮೈ ಎಂಗಿರ್ತದೆ ಗೊತ್ತಾ?
ನನ್ನ ಉಗುರು ತಾಕಿದ್ರೆ ನೀರು ಒಡೀತದೆ.
ರೋಗ ನುಗ್ಗೋದೇ ಆವಾಗ..."

ಅಲ್ಲಿಗೆ ನಿಂತಳು.
ಸೆರಗು ಬಾಯಿಗೆ ಹೋಯಿತು.

"ಅಂಗಂದ್ರೆ ಮೇಡಮ್ಮೋ,
ಜ್ವರ ಬಿಡೋ ಮೊದ್ಲೇ ಸೊಪ್ಪು ಆಕ್ಬುಟ್ವಾ?"

ಹದಿನಾಲ್ಕು ವರ್ಷದಿಂದ ಈ ಕುರ್ಚಿ ನನ್ನದು.
ಮೂರು ತರಬೇತಿ, ಮೂರು ಸರ್ಟಿಫಿಕೇಟು,
ಒಂದರಲ್ಲೂ ಈ ವಾಕ್ಯವಿರಲಿಲ್ಲ.
ಹೌದು ಎನ್ನಲಾಗಲಿಲ್ಲ, ಅಲ್ಲ ಎನ್ನಲೂ.
ಫ್ಯಾನು ಕಿರುಗುಟ್ಟುತ್ತಿತ್ತು.

ಆಮೇಲೆ ಮಾತ್ರೆಯ ಮಾತಾಡಿದೆ.
ದಿನಕ್ಕೊಂದು, ರಾತ್ರಿ ಊಟವಾದ ಮೇಲೆ, ತಪ್ಪಿಸಬಾರದು.
ಲೆಕ್ಕಕ್ಕೂ ಸಿಗದಷ್ಟು ಅದನ್ನು ಅಡಗಿಸಿಡಬಹುದು.
ಓದಬಹುದು, ದುಡಿಯಬಹುದು, ಮುದುಕಿಯಾಗಬಹುದು.

ಮುದುಕಿ ಎಂದಾಗ ಹುಡುಗಿ ಮೊದಲ ಸಲ ತಲೆ ಎತ್ತಿದಳು.
ಒಂದು ಕ್ಷಣ ನಕ್ಕಂತಿತ್ತು.
"ಹುಳಕ್ಕೆ ನಾಲ್ಕು ಸಲ ಜ್ವರ.
ನಮಗೆ ಎಷ್ಟು ಸಲ, ಮೇಡಂ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

"ತಂಗಿ ಎಂಟನೇ ಕ್ಲಾಸು. ಈ ಚೀಟಿ ನಂಗೆ ಕೊಡ್ತೀರಾ?"
ಕೊಡುವಂತಿಲ್ಲ, ಅದರ ತಲೆಯಲ್ಲಿ ಸಂಖ್ಯೆಯಿದೆ ಎಂದೆ.
ಅವಳು ಮಡಿಚಿ, ಮಡಿಕೆಯ ಮೇಲೆ ಉಗುರೆಳೆದು
ನೇರಕ್ಕೆ ಹರಿದಳು.
ಏಳರಲ್ಲಿ ಮುಗಿಯುವ ಚೂರು ನನ್ನ ಮೇಜಿಗೆ,
ಕಟ್ಟಿ ಮುಗಿಯದ ಗೋಡೆ
ಅವಳ ಚೂಡಿದಾರದ ಜೇಬಿಗೆ.