ಹನ್ನೊಂದು ಫೋಟೊ

ಹಟ್ಟಿ ಕ್ಯಾಂಪಿನ ಸ್ಟುಡಿಯೋದಾಗ
ಕ್ಯಾಮೆರಾದ ಕಾರ್ಡು ತೆಗೆದು ಕಂಪ್ಯೂಟರಿಗೆ ಚುಚ್ಚಿದೆ.
ಕಡೇ ಪಾಳಿ ಮುಗಿಸಿ ಬಂದ ಯಂಕೋಬಣ್ಣ,
ಟೋಪಿಯ ದೀಪ ಆರಿಸೋದು ಮರೆತು
ಗೆಳೆಯರ ನಡುವೆ ನಿಂತದ್ದು.

‘ವೈರು ಇಲ್ಲೇನು?’ ಅಂದ.
ಕೆಟ್ಟದಣ್ಣ. ಮೋಡಕ್ಕ ಏರಿಸ್ತೀನಿ,
ಅಲ್ಲಿಂದ ನಿನ್ನ ಫೋನಿಗೆ ಇಳೀತಾವ.

ಮೂವತ್ತೆರಡು ವರ್ಷ
ಕೇಜಿನಾಗ ಭೂಮಿಗಿಳಿದಾವ
ತಲಿ ಎತ್ತಿ ನೋಡಿದ: ತಗಡು, ಜೇಡರಬಲಿ, ಫ್ಯಾನು.
‘ಎಷ್ಟು ಆಳ?’ ಅಂದ.
ಎತ್ತರ ಅನ್ನಲಿಲ್ಲ.

ನೀಲಿ ಗೆರಿ ತೆವಳಿ ತೆವಳಿ
ನಲವತ್ತೊಂದಕ್ಕ ನಿಂತಿತು.
ನೆಟ್‌ವರ್ಕಿಗೆ ನಾನು ಬೈದೆ. ಅಂವ ಬೈಲಿಲ್ಲ,
ಸ್ಟೂಲಿನ ಮ್ಯಾಲ ಕುಂತ,
ಒಳಗಿದ್ದವರು ಬರೋತನಕ
ಶಾಫ್ಟಿನ ಬಾಯಾಗ ಕುಂತಂಗ.

ಟಿಂಗ್ ಅಂತು ಫೋನು.
ಒಂದೊಂದಕ್ಕೂ ಬೆರಳಿಟ್ಟು ಎಣಿಸಿದ.
ಹತ್ತು.
‘ತಡಿ, ಬಾಗಿಲು ಹಾಕಬ್ಯಾಡ,
ಒಬ್ಬಾವ ಇನ್ನಾ ಮ್ಯಾಲ ಬಂದಿಲ್ಲ.’