ಎಂಟು ತಾಸಿನ ಚಳಿ

ಬೈತಖೋಲದ ಬರ್ಫ್ ಫ್ಯಾಕ್ಟರಿಯಲ್ಲಿ ನನ್ನದು ರಾತ್ರಿ ಪಾಳಿ.
ಮೇ ತಿಂಗಳ ಸೆಕೆಗೆ ಊರೇ ಅಂಗಿ ಬಿಚ್ಚಿ ಕೂತಾಗ
ಕಿವಿಮುಚ್ಚುವ ಟೊಪ್ಪಿ, ಕಂದು ಸ್ವೆಟರು ಹಾಕಿ
ಬಂದರದ ರಸ್ತೆಯಲ್ಲಿ ನಡೆಯುವ ಒಬ್ಬನೇ ಹುಚ್ಚ.
ನಾಯಿಗಳಿಗೂ ರೂಢಿಯಾಗಿದೆ.

ಸ್ವೆಟರು ಮುಂಡಗೋಡಿನ ಯಾಂಗ್ಜೋಮಳ ಹತ್ತಿರ ಕೊಂಡದ್ದು.
ಡಿಸೆಂಬರಿಗೆ ಬಂದು ಫುಟ್‌ಪಾತಿನಲ್ಲಿ ರಾಶಿ ಹಾಕುತ್ತಾಳೆ,
ಕಾರವಾರದವರು ಮುಟ್ಟಿ ನೋಡಿ ಬೆವರೊರೆಸಿ ಹೋಗುತ್ತಾರೆ.
ಹಿಮ ಹೇಗಿರುತ್ತದೆ ಅಂದೆ ಒಮ್ಮೆ.
ನನಗೇನು ಗೊತ್ತು, ಹುಟ್ಟಿದ್ದೇ ಮುಂಡಗೋಡು,
ಕ್ಯಾಲೆಂಡರಿನಲ್ಲಿ ನೋಡಿದ್ದು,
ಇನ್ನೂರೈವತ್ತಕ್ಕೆ ಕಡಿಮೆ ಇಲ್ಲ, ಅಂದಳು.

ಇನಾಸ ಹಡಗಿನ ಎಂಜಿನ್ನಿಗೆ ಎಣ್ಣೆ ಬಿಡುತ್ತಿದ್ದವ.
ರಷ್ಯದ ಯಾವುದೋ ಬಂದರದಲ್ಲಿ
ಹೆಪ್ಪುಗಟ್ಟಿದ ಸಮುದ್ರದ ನಡುವೆ ಹತ್ತೊಂಬತ್ತು ದಿನ ನಿಂತವ.
ಅವನ ಕತೆಯಲ್ಲಿ ವರ್ಷಕ್ಕೆರಡು ಡಿಗ್ರಿ ಇಳಿಯುತ್ತದೆ,
ಈಗ ಸೊನ್ನೆಯ ಕೆಳಗೆ ಐವತ್ತೆರಡಕ್ಕೆ ಮುಟ್ಟಿದೆ.
ನಗುತ್ತೇವೆ. ಆದರೆ ಬಲಗೈಯ ಎರಡು ಬೆರಳ ತುದಿ
ಅಲ್ಲಿನ ಕಬ್ಬಿಣದ ಚಿಲಕವೊಂದಕ್ಕೆ ಕೊಟ್ಟು ಬಂದದ್ದು ನಿಜ:
ತಾರ್ಲೆಯ ಮುಳ್ಳು ಅವನ ಬೆರಳಿಗೆ ಹತ್ತುವುದಿಲ್ಲ,
ಹೆಂಡತಿ ಬಿಡಿಸಿ ಕೊಡುತ್ತಾಳೆ.
ಚಳಿ ಒಳ್ಳೇದೋ ಕೆಟ್ಟದ್ದೋ ಮಾರಾಯ, ಅಂದರೆ
ಅದಕ್ಕೆ ನಮ್ಮ ಪರಿಚಯವಿಲ್ಲ, ಅಷ್ಟೇ, ಅನ್ನುತ್ತಾನೆ.

ಮೊನ್ನೆ ಜನವರಿಯಲ್ಲಿ, ಪಾಳಿ ಮುಗಿಯುವ ಹೊತ್ತಿಗೆ,
ಅರ್ಗಾದ ನೇವಿ ಕಾಲನಿಯಿಂದ ಲಾಹೌಲಿನ ಅಂಗ್ಮೋ ಬಂದಳು
ಐದು ವರ್ಷದ ಮಗಳ ಕೈ ಹಿಡಿದು, ಸ್ಕೂಲ್ ಬಸ್ಸಿಗೆ ಮುಂಚೆ.
ಇಲ್ಲೇ ಹುಟ್ಟಿದ ಮಗು, ಅಜ್ಜಿಯ ಫೋನಿನಲ್ಲಿ
ಅಂಗಳವೆಲ್ಲ ಬಿಳಿ ಕಂಡು ಹಟ ಹಿಡಿದಿದೆಯಂತೆ.
ಯಜಮಾನ ಇನ್ನೂ ಬಂದಿರಲಿಲ್ಲ.
ದೋಣಿಯ ಹೊಟ್ಟೆಗೆ ಬರ್ಫಿನ ಪುಡಿ ಸುರಿಯುವ ಕೊಳವೆಯನ್ನು
ಆಕಾಶಕ್ಕೆ ತಿರುಗಿಸಿದೆ.
ಕಾರವಾರದ ಮೇಲೆ ಹಿಮ ಬಿತ್ತು,
ಅಮೋನಿಯಾ ವಾಸನೆಯದು, ಬಂಗಡೆ ವಾಸನೆಯದು.
ಚುಚ್ಚುತ್ತದೆ ಎಂದು ಮಗು ಅತ್ತಿತು.
ಅಂಗ್ಮೋ ನಕ್ಕಳು. ಆಮೇಲೆ ಹಿಂದಿಯಲ್ಲಿ,
ಸದ್ದು ತಪ್ಪು, ಅಂದಳು.
ಅದು ಬಿದ್ದದ್ದು ಗೊತ್ತಾಗುವುದು ಬೆಳಿಗ್ಗೆ,
ಬಾಗಿಲು ತೆರೆಯಲು ಬಾರದಾಗ.

ಗೋಣಿಯ ಮೇಲೆ ಕೂತು ಚಹಾ ಊದುತ್ತ ಹೇಳಿದಳು:
ನಸುಕಿನಲ್ಲೇ ಮಾಡಿನ ಹಿಮ ಎಳೆದು ಹಾಕಬೇಕು,
ಇಲ್ಲದಿದ್ದರೆ ತೊಲೆ ನರಳುತ್ತದೆ.
ಬಟಾಟೆಯನ್ನು ಮಣ್ಣಿನಲ್ಲಿ ಹೂತಿಡಬೇಕು.
ಅವ್ವನ ಮೊಣಕಾಲು ತಿಂದದ್ದು ಆ ಚಳಿಯೇ,
ಚೆಂದ ಅನ್ನುವವರೆಲ್ಲ ನಾಲ್ಕು ದಿನಕ್ಕೆ ಬಂದು ಹೋಗುವವರು.
ಆದರೂ ಒಲೆ ಒಂದೇ, ಬೆಚ್ಚಗಿನ ಕೋಣೆ ಒಂದೇ,
ಸಿಟ್ಟು ಬಂದರೆ ಎದ್ದು ಹೋಗಲು ಜಾಗವಿಲ್ಲ,
ಜಗಳವಾಡಿದವರ ಪಾದಕ್ಕೆ ಪಾದ ತಾಗಿಸಿಯೇ ಮಲಗಬೇಕು.
ನಿಮಗಿಲ್ಲಿ ಅಷ್ಟುದ್ದ ದಂಡೆ.
ಮುನಿದವರು ನಡೆಯುತ್ತಲೇ ಇರಬಹುದು.

ನನ್ನ ಚಳಿಯೇನು, ಎಂಟು ತಾಸಿನದು.
ಆರಕ್ಕೆ ಹೊರಬಿದ್ದು, ಬಿಸಿಲಿಗೆ ಕೈ ಹಿಡಿದು
ಜುಮುಜುಮು ಅನ್ನುವ ತನಕ ನಿಂತು ಮನೆಗೆ ಹೋಗುತ್ತೇನೆ.
ಅವಳ ಮನೆಯೇ ಅದರೊಳಗೆ.
ಏನು ಹೇಳಲಿ? ಮಗುವಿಗೆ ಬಿಸ್ಕಿಟು ಕೊಟ್ಟೆ.

ಮರುರಾತ್ರಿ ಮೂರೂವರೆಗೆ
ಅಣ್ಣನ ದೋಣಿ ಬಂದು ಕೊಳವೆಯ ಕೆಳಗೆ ನಿಂತಿತು.
ಒಂಬತ್ತು ವರ್ಷವಾಯಿತು ಮಾತಿಲ್ಲ.
ಬಲೆಯ ಪಾಲು, ಅಪ್ಪನ ಔಷಧದ ಲೆಕ್ಕ,
ಈಗ ನೆನಪಿಲ್ಲ. ನೆನಪಿದೆ.
ದಂಡೆಯ ಆ ತುದಿ ಅವನದು, ಈ ತುದಿ ನನ್ನದು.
ಎಷ್ಟು ಗಡ್ಡೆ ಬೇಕೆಂದು ಬೆರಳೆತ್ತಿ ತೋರಿಸುತ್ತಾನೆ,
ಅವತ್ತೂ ಬೆರಳೇ ಎತ್ತಿದ.
ಗರಗರ ಸುರಿಯಿತು. ಬರ್ಫಿನ ಹೊಗೆ ಮುಖಕ್ಕೆ ಹೊಡೆದು
ಬರೀ ಬನಿಯನ್ನಿನಲ್ಲಿದ್ದವ ನಡುಗಿದ.
ಎರಡು ಗಡ್ಡೆ ಹೆಚ್ಚು ಬಿಟ್ಟೆ.
ಪುಸ್ತಕದಲ್ಲಿ ಬರೆಯುವುದು ಬೇಡ ಅಂದುಕೊಂಡೆ.
ಆಮೇಲೆ ಬರೆದೆ,
ನನ್ನ ಹೆಸರಿನ ಎದುರು.